ಗೋಡೆಯಾಚೆ ಕುಳಿತ ನಮ್ಮ ಬೀಗರು

ಸೊರಬದ ನಮ್ಮ ಬೀಗರು ಬಹಳ ಒಳ್ಳೆಯ ಮನುಷ್ಯರು. ಹೀಗೆಂದು ನಾನು ಹೇಳಿದರೆ ಅದು ಸೋಮವಾರದಿಂದ ಶನಿವಾರದವರೆಗಿನ ಮಾತು ಎಂದು ತಿಳಿಯಬೇಕು. ಭಾನುವಾರದ ಬೀಗರಿಗೆ ನಾನು ಜವಾಬ್ದಾರಳಲ್ಲ!

ಬೀಗರು ಎಂದರೆ ನನ್ನ ಮಗಳ ಮಾವನವರು. ಸೊರಬದ ತಾಲ್ಲೂಕು ಕಚೇರಿಯ ಎದುರು ಒಂದು ಮೇಜು, ಒಂದು ಕೊಡೆ ಇಟ್ಟುಕೊಂಡು ಜಮೀನಿನ ಪತ್ರ ಬರೆಯುತ್ತಾರೆ. ಅವರು ಬರೆದ ಪತ್ರದಲ್ಲಿ ಇರುವೆ ನುಸುಳುವಷ್ಟೂ ಸಂದು ಇರುವುದಿಲ್ಲ ಎಂದು ಹೆಸರು. ಹುಡುಗರಾಗಿದ್ದಾಗ ಭದ್ರಾವತಿಯ ಚಿಕ್ಕಪ್ಪನ ಮನೆಗೆ ಓದಲು ಹೋಗಿದ್ದರಂತೆ. ಓದನ್ನು ಅಲ್ಲೇ ಬಿಟ್ಟು ಫುಟ್‌ಬಾಲಿನ ಹುಚ್ಚನ್ನು ಮಾತ್ರ ಊರಿಗೆ ತಂದರು. ಅದು ಇವತ್ತಿನವರೆಗೂ ಇಳಿದಿಲ್ಲ.

ನಮ್ಮ ಮನೆ ಇರುವುದು ಶಿರಾಳಕೊಪ್ಪದಲ್ಲಿ. ನಮ್ಮವರದು ಹಗ್ಗ, ಕಣ್ಣಿ, ದನದ ಗಂಟೆ ಮಾರುವ ಅಂಗಡಿ. ಮನೆಯ ಹಿತ್ತಲಿಗೂ ಊರ ಮೈದಾನಕ್ಕೂ ನಡುವೆ ಒಂದೇ ಒಂದು ಎತ್ತರದ ಗೋಡೆ. ಮದುವೆಯ ಮಾತುಕತೆಗೆ ಬಂದ ದಿನ ಅವರ ಕಡೆಯ ಹೆಂಗಸರು ಹುಡುಗಿಗೆ ಅಡುಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಒಳಗೆ ವಿಚಾರಿಸುತ್ತಿದ್ದರೆ ಇವರು ಹಿತ್ತಲ ಬಾಗಿಲಲ್ಲಿ ನಿಂತು ಗೋಡೆಯನ್ನೇ ನೋಡುತ್ತಿದ್ದರು.

"ಇದು ಮೈದಾನದ ಗೋಡೆಯಾ?"

"ಹೌದ್ರೀ."

"ಹಾಗಾದ್ರೆ ಈ ಸಂಬಂಧ ಆಗಬಹುದು."

ನನ್ನ ಮಗಳ ಮುಖವನ್ನು ಅವರು ನೋಡಿದ್ದು ಅದಾದ ಮೇಲೆ!

ನಮ್ಮಲ್ಲಿ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಭಾನುವಾರ ಭಾನುವಾರ ಮಧ್ಯಾಹ್ನ ಫುಟ್‌ಬಾಲ್ ಪಂದ್ಯಗಳು ನಡೆಯುತ್ತವೆ. ಇಡೀ ಸೀಜನ್ನಿಗೆ ಒಂದು ಪಾಸು. ಬೀಗರು ಬೆಳಗಿನ ಬಸ್ಸಿಗೆ ಸೊರಬದಿಂದ ಬಂದು, ನಮ್ಮಲ್ಲಿ ರೊಟ್ಟಿ ಉಂಡು, ಮೂರು ಗಂಟೆಗೆ ಹೋಗಿ ಮೂರನೆಯ ಸಾಲಿನಲ್ಲಿ ಕುಳಿತರೆಂದರೆ ಕೋರ್ಟಿನಲ್ಲಿ ತೀರ್ಪಿಗೆ ಕಾದವರಂತೆ ಗಂಭೀರ. ಕೂಗುವುದಿಲ್ಲ, ಶಿಳ್ಳೆ ಹೊಡೆಯುವುದಿಲ್ಲ. ಮೇಲಿನ ಅರ್ಧ ಮನುಷ್ಯ ಅಲುಗುವುದೇ ಇಲ್ಲ. ಆದರೆ ಕಾಲುಗಳು? ಅವು ಅವರ ಮಾತು ಕೇಳಿದರೆ ತಾನೇ! ಮೈದಾನದಲ್ಲಿ ಯಾರು ಚೆಂಡು ಒದ್ದರೂ ಇಲ್ಲಿ ಇವರ ಬಲಗಾಲು ಒದೆಯುತ್ತದೆ. ಮುಂದಿನ ಸಾಲಿನ ಮೆಣಸಿನಕಾಯಿ ವ್ಯಾಪಾರಿ ಎರಡು ವರ್ಷ ಸಹಿಸಿ, ಮೂರನೆಯ ವರ್ಷದಿಂದ ಬೆನ್ನಿಗೆ ದಿಂಬು ಕಟ್ಟಿಕೊಂಡು ಬರತೊಡಗಿದರು. ಜಾಗ ಬದಲಿಸಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ ಅವರು, "ಹೆಂಗ್ ಬಿಡಾದ್ರೀ ಅಮ್ಮಾ? ಅವರು ಒದೀಲಿಲ್ಲ ಅಂದ್ರೆ ಆಟ ನೋಡಿದಂಗೇ ಆಗಾದಿಲ್ಲ" ಅಂದರು.

ಹೀಗಿರುವಾಗ ಹೋದ ವರ್ಷ ಕಮಿಟಿಯವರು ಸಿಮೆಂಟಿನ ಮೆಟ್ಟಿಲ ಮೇಲೆ ನೀಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಮುನ್ನೂರು ರೂಪಾಯಿ ಇದ್ದ ಪಾಸು ಒಂಬೈನೂರು ಆಯಿತು. ಊರೆಲ್ಲ ಗದ್ದಲ. ಗಾರೆ ಕೆಲಸದವರು, ಹಮಾಲರು, ತಾಳಗುಂದದ ಕಡೆಯ ಕುರಿ ಕಾಯುವವರು, ಹಗಲೆಲ್ಲ ದುಡಿದು ಭಾನುವಾರ ಒಂದು ಆಟ ನೋಡುವ ಜನ ಅವರೆಲ್ಲ. "ಕುರ್ಚಿ ಕೊಡ್ರಿ ಅಂತ ನಾವ್ ಕೇಳಿದ್ವಾ?" ಎಂದು ಎಲ್ಲರೂ ಕೂಗಾಡಿದರು. ನಮ್ಮ ಬೀಗರು ಕೂಗಾಡಲಿಲ್ಲ. ಪೆನ್ನು ತೆಗೆದರು.

ಅವರು ಬರೆದ ತಕರಾರು ಅರ್ಜಿಯನ್ನು ನಮ್ಮ ಮನೆಯ ಜಗಲಿಯ ಮೇಲೆ ಗಟ್ಟಿಯಾಗಿ ಓದಿದರು. ತಾವು ಕೂರುವ ಜಾಗಕ್ಕೆ ಚೆಕ್ಕುಬಂದಿಯನ್ನೇ ಹಾಕಿದ್ದರು! ಪೂರ್ವಕ್ಕೆ ಸಿಮೆಂಟು ಕಂಬ, ಪಶ್ಚಿಮಕ್ಕೆ ಟೈಲರು ಕೂರುವ ಜಾಗ, ಉತ್ತರಕ್ಕೆ ಮೆಣಸಿನಕಾಯಿ ವ್ಯಾಪಾರಿಯ ಬೆನ್ನು, ದಕ್ಷಿಣಕ್ಕೆ ನಾಲ್ಕನೆಯ ಸಾಲು. ಈ ಮಧ್ಯದ ಸ್ಥಳದಲ್ಲಿ ಮೂವತ್ತು ವರ್ಷದಿಂದ ಯಾರ ಅಡ್ಡಿಯೂ ಇಲ್ಲದೆ ಕುಳಿತು ಅನುಭವಿಸಿಕೊಂಡು ಬಂದಿರುವುದರಿಂದ ಹಳೆಯ ದರಕ್ಕೇ ಪಾಸು ಕೊಡತಕ್ಕದ್ದು. ಅರ್ಜಿ ಕೇಳಿ ನಮ್ಮವರು ನಕ್ಕರು. ಬೀಗರು ನಗಲಿಲ್ಲ. ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಕಮಿಟಿಯ ಕೋಣೆಗೆ ಹೋದರು.

ಹೋದವರು ಬೇಗ ಬಂದರು. ಬಡಿಸಿದ ರೊಟ್ಟಿಯನ್ನು ಮುರಿಯದೆ ಕುಳಿತರು.

"ಏನಂದ್ರು ಬೀಗ್ರೇ?"

"'ಯಜಮಾನ್ರೇ, ಎದ್ದು ಹೋಗೋ ಜಾಗಕ್ಕೆ ಹಕ್ಕೆಂತದ್ದು' ಅಂದ್ರು."

ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು: "ಮೂವತ್ತು ವರ್ಷದಲ್ಲಿ ಆಡೋರು ಬದಲಾದ್ರು. ಕಮಿಟಿಯವರು ಬದಲಾದ್ರು. ಮೈದಾನದ ಮಣ್ಣೂ ಬದಲಾಯ್ತು. ಬಿಸಿಲಿಗೆ ಕೂತು ನೋಡಿದ ನಾವೇ ಉಳಿದವರು. ನಮ್ಮನ್ನೇ ಎದ್ದು ಹೋಗೋರು ಅಂದ್ರಲ್ಲ ಬೀಗ್ತಿಯವ್ರೇ."

ಈ ಸಲ ನಮ್ಮವರೂ ನಗಲಿಲ್ಲ.

ಮುಂದಿನ ಭಾನುವಾರ ನಮ್ಮ ಹಿತ್ತಲಿನಲ್ಲಿ ಎಪ್ಪತ್ತು ಎಂಬತ್ತು ಜನ ಸೇರಿದರು. ದರ ಇಳಿಯುವವರೆಗೆ ಯಾರೂ ಮೈದಾನಕ್ಕೆ ಕಾಲಿಡಬಾರದು ಎಂದು ಒಪ್ಪಂದವಾಯಿತು. ಬರೆದವರು ಯಾರು? ಇನ್ಯಾರು! "ಸಹಿ ಮಾಡಿದವರು ಪಾಸು ಕೊಂಡಾಗಲಿ, ಪುಕ್ಕಟೆಯಾಗಲಿ ಒಳಗೆ ಹೋಗತಕ್ಕದ್ದಲ್ಲ. ಗೋಡೆ, ಮಾಳಿಗೆ, ಮರ, ಟ್ರ್ಯಾಕ್ಟರ್, ಹುಲ್ಲಿನ ಲಾರಿ ಹತ್ತಿ ನೋಡತಕ್ಕದ್ದಲ್ಲ. ಮೊಬೈಲಿನಲ್ಲಿ ಚಿತ್ರ ತರಿಸಿ ನೋಡತಕ್ಕದ್ದಲ್ಲ." ಇರುವೆ ನುಸುಳದ ಬರವಣಿಗೆ ಎಂದೆನಲ್ಲ, ಹಾಗೆ.

ಸಹಿ ಹಾಕುವಾಗ ಪಕ್ಕದ ಜಾಗದ ಟೈಲರು ಪೆನ್ನು ಹಿಡಿದು ನಿಂತುಬಿಟ್ಟರು. "ಸ್ವಾಮೀ, ನಮ್ಮಕ್ಕನ ಮಗ ಈ ವರ್ಷ ಗೋಲ್ ಕಾಯ್ತಾನ್ರೀ. ಅವನ ಆಟಕ್ಕೆ ಮಾತ್ರ ನಂಗೊಂದು ರಿಯಾಯ್ತಿ..."

"ಇವತ್ತು ನಿಮ್ಮಕ್ಕನ ಮಗ. ನಾಳೆ ಇನ್ನೊಬ್ಬರ ತಂಗಿ ಮಗ. ಆಡೋರೆಲ್ಲ ಯಾರಿಗೋ ಎಂತದೋ ಆಗಲೇಬೇಕಲ್ಲ ಮಾರಾಯ್ರೇ! ಆಕಾಶದಿಂದ ಉದುರಿದವರು ಯಾರಿದಾರೆ?"

ಅಷ್ಟಕ್ಕೇ ಬಿಡದೆ ಪೆನ್ನು ಕಸಿದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಮಗ, ಮಗಳು, ಅಳಿಯ, ಮೊಮ್ಮಗ, ಮೊಮ್ಮಗಳು ಯಾರೇ ಆಡಲಿ, ರಿಯಾಯಿತಿ ಇರತಕ್ಕದ್ದಲ್ಲ." ಟೈಲರು ತಲೆ ತಗ್ಗಿಸಿ ಸಹಿ ಹಾಕಿದರು.

ಆಮೇಲಿನ ಭಾನುವಾರಗಳನ್ನು ನೀವು ನೋಡಬೇಕಿತ್ತು! ಗೋಡೆಯ ಆಚೆ ಪಂದ್ಯ, ಈಚೆ ಇವರು. ಗೋಡೆಗೆ ಬೆನ್ನು ಕೊಟ್ಟು ಎಂಬತ್ತು ಗಂಡಸರು ಸಾಲಾಗಿ ಕುಳಿತು ಮಂಡಕ್ಕಿ ತಿನ್ನುತ್ತ ನನ್ನ ಬದನೆ ಗಿಡಗಳನ್ನು ನೋಡುತ್ತಿದ್ದರು. ಒಂದು ಸಲ ಚೆಂಡು ಗೋಡೆ ದಾಟಿ ಈ ಕಡೆ ಬಿತ್ತು. ಎಲ್ಲರೂ ಎದ್ದು ನಿಂತರು. ಮುಟ್ಟುವವರು ಯಾರು? ಒದ್ದರೆ ಆಟದಲ್ಲಿ ಸೇರಿದಂತೆ, ಇಟ್ಟುಕೊಂಡರೆ ಕದ್ದಂತೆ. ಬೀಗರು ಬಹಳ ಯೋಚಿಸಿ, "ಕಾಲು ತಾಗಿಸಬೇಡಿ, ಮರ್ಯಾದೆಯಿಂದ ಕೈಯಲ್ಲಿ ಕೊಟ್ಟು ಬನ್ನಿ" ಎಂದು ತೀರ್ಪು ಕೊಟ್ಟರು. ಟೈಲರು ಚೆಂಡನ್ನು ತೆಂಗಿನಕಾಯಿಯಂತೆ ಎರಡೂ ಕೈಯಲ್ಲಿ ಹಿಡಿದು ಮೈದಾನದ ಗೇಟಿನವರೆಗೆ ನಡೆದು ಹೋಗಿ ಒಪ್ಪಿಸಿ ಬಂದರು. ಅಷ್ಟು ಹೊತ್ತು ಆಟ ನಿಂತಿತ್ತಂತೆ.

ಇದೆಲ್ಲ ನಡೆದಿರುವಾಗಲೇ ಮಗಳ ಫೋನು ಬಂತು. "ಅವ್ವಾ, ಈ ಸಲ ಹೆಣ್ಣುಮಕ್ಕಳ ಪಂದ್ಯಾನೂ ಇಟ್ಟಾರಂತೆ. ಸೊರಬದ ತಂಡಕ್ಕೆ ನಮ್ಮ ಪುಟ್ಟಿ ಸೇರ್ಯಾಳೆ!"

ನನ್ನ ಮೊಮ್ಮಗಳು! ಹನ್ನೆರಡು ವರ್ಷದ ಕೂಸು! ಆ ದಿನ ನಾನು ಬೀದಿಯ ಎಲ್ಲ ಮನೆಗೂ ಸಕ್ಕರೆ ಹಂಚಿದೆ. ಎರಡು ಮನೆಗೆ ಎರಡೆರಡು ಸಲ ಹೋಗಿದ್ದೆನಂತೆ. ಅವರು ಪಾಪ, ಮೊದಲನೆಯ ಸಲ ಕೇಳಿದವರ ಹಾಗೆಯೇ ಮತ್ತೆ ಕೇಳಿ, ಮತ್ತೆ ಬಾಯಿ ಸಿಹಿ ಮಾಡಿಕೊಂಡರು. ತೊಗರ್ಸಿ ಮಲ್ಲಿಕಾರ್ಜುನನಿಗೆ ನಿಂತಲ್ಲೇ ಕೈ ಮುಗಿದೆ. ಮುಗಿದ ಕೈ ಇಳಿಸುವ ಮೊದಲೇ ಬೀಗರ ನೆನಪಾಯಿತು.

ಆ ಕೂಸಿಗೆ ಆಟ ಕಲಿಸಿದವರು ಅವರೇ. ನಾಲ್ಕು ವರ್ಷದವಳಿದ್ದಾಗಿನಿಂದ ಸೊರಬದ ಮನೆಯ ಅಂಗಳದಲ್ಲಿ, ಮೊದಲು ಬಟ್ಟೆ ಉಂಡೆಯಲ್ಲಿ, ಆಮೇಲೆ ನಿಜವಾದ ಚೆಂಡಿನಲ್ಲಿ. ಅವಳ ಮೊದಲ ಪಂದ್ಯ. ಇವರೋ, ತಾವೇ ಬರೆದ ಸಾಲಿನಲ್ಲಿ ತಾವೇ ಸಿಕ್ಕಿಕೊಂಡು ಕುಳಿತಿದ್ದಾರೆ!

ಪಂದ್ಯದ ದಿನ ಬೆಳಿಗ್ಗೆ ತಾತ ಮೊಮ್ಮಗಳು ಒಂದೇ ಬಸ್ಸಿಗೆ ಬಂದರು. ಅವಳು ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದು ಮೆಲ್ಲಗೆ ಹೇಳಿದಳು: "ಅಜ್ಜೀ, ತಾತ ನನ್ನ ಶೂ ಲೇಸು ಕಟ್ಟಿಕೊಟ್ರು. ಬರ್ತೀನಿ ಅಂತ ಮಾತ್ರ ಹೇಳ್ಲಿಲ್ಲ."

ಅವಳ ತಲೆ ಸವರಿ, ಎರಡು ಜಡೆ ಬಿಗಿಯಾಗಿ ಹೆಣೆದು ಕಳಿಸಿದೆ.

ಮಧ್ಯಾಹ್ನ ಹಿತ್ತಲು ಎಂದಿನಂತೆ ತುಂಬಿತು. ಯಾರೂ ಮಂಡಕ್ಕಿ ಮುಟ್ಟಲಿಲ್ಲ. ಎಲ್ಲರ ಕಣ್ಣೂ ಬೀಗರ ಮೇಲೆ. ಕೊನೆಗೆ ಟೈಲರೇ ಎದ್ದು ಬಂದರು. ಇನ್ನೇನು ಚುಚ್ಚಿ ಮಾತಾಡುತ್ತಾರೋ ಎಂದು ನಾನು ಹೆದರಿದೆ.

"ಸ್ವಾಮೀ, ನೀವು ಹೋಗಿ ನೋಡ್ಕೊಂಡು ಬರ್ರಿ. ನಾವ್ಯಾರೂ ಏನೂ ಅನ್ನಾದಿಲ್ಲ."

ಬೀಗರು ತಲೆಯೆತ್ತಲಿಲ್ಲ. "ನಿಮ್ಮ ಹುಡುಗ ಹೋದ ವಾರ ಪೆನಾಲ್ಟಿ ಹಿಡಿದ. ನೀವು ಇಲ್ಲೇ ಕೂತು ಬರೀ ಕೂಗು ಕೇಳಿದ್ರಿ. ಈಗ ನಾನು ಯಾವ ಮುಖ ಹೊತ್ತು ಹೋಗ್ಲಿ?"

ಟೈಲರು ಅವರ ಪಕ್ಕದಲ್ಲೇ ಕುಳಿತುಕೊಂಡರು. ಆಚೆ ಮೈಕಿನಲ್ಲಿ ತಂಡಗಳ ಹೆಸರು ಹೇಳತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಬೀಗ್ರೇ, ಆ ಒಪ್ಪಂದದಾಗೆ ನೋಡಬಾರದು ಅಂತ ಬರದೀರಿ. ಕೇಳಬಾರದು ಅಂತ ಬರದೀರೇನ್ರಿ?"

ಅವರು ಕನ್ನಡಕ ಹಾಕಿಕೊಂಡರು. ಜೇಬಿನಿಂದ ಹಾಳೆ ತೆಗೆದು ಮೇಲಿನಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು. ನಲವತ್ತು ವರ್ಷ ಪತ್ರ ಬರೆದವರ ಮುಖದಲ್ಲಿ, ತಾವು ತಪ್ಪು ಮಾಡಿದ್ದಕ್ಕೆ ಅಷ್ಟು ಸಂತೋಷವನ್ನು ಯಾರೂ ಕಂಡಿರಲಾರರು.

"ಬರ್ದಿಲ್ಲ," ಎಂದರು.

ಹೆಂಗಸರಿಗೆ ಮೈದಾನದಲ್ಲಿ ಪಾಸು ಬೇಡ. ಯಾಕೆಂದರೆ ಅದುವರೆಗೆ ಒಬ್ಬಳೂ ಹೋದದ್ದಿಲ್ಲ! ಸಹಿ ಹಾಕಿದವರಲ್ಲೂ ನಾನಿರಲಿಲ್ಲ. ಮೊಬೈಲು ಹಿಡಿದು ಓಡಿದೆ. ನೀಲಿ ಕುರ್ಚಿಗಳೆಲ್ಲ ಖಾಲಿ. ಒಂದು ಮೂಲೆಯಲ್ಲಿ ಆಡುವ ಹುಡುಗಿಯರ ಅವ್ವಂದಿರು, ಅಜ್ಜಿಯರು ಮುದುರಿಕೊಂಡು ಕುಳಿತಿದ್ದರು. ನಾನೂ ಅಲ್ಲೇ ಕುಳಿತು ಫೋನು ಹಚ್ಚಿದೆ. ಆ ಕಡೆ ಬೀಗರು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಹೇಳಿ ಬೀಗ್ತಿಯವ್ರೇ. ಪುಟ್ಟಿ ಎಲ್ಲಿದಾಳೆ?"

"ಓಡ್ತಾ ಅದಾಳ್ರೀ!"

"ಯಾವ ಕಡೆಗೆ?"

"ಬಸ್‌ಸ್ಟ್ಯಾಂಡ್ ಕಡೆಗೆ!"

"ಅದಲ್ಲ ಮಾರಾಯ್ರೇ, ಗೋಲಿನ ಕಡೆಗಾ?"

"ಗೋಲು ಎರಡೂ ಕಡೆ ಐತಲ್ರೀ!"

ಆ ಕಡೆ ಯಾರೋ ನಕ್ಕರು. ಬೀಗರು ಗದರಿಸಿದ್ದು ಕೇಳಿಸಿತು.

"ಅವಳ ಎದುರಿಗೆ ಯಾರ್‍ಯಾರಿದಾರೆ?"

"ಎಲ್ಲ ಸಣ್ಣ ಮಕ್ಕಳೇ ಪಾಪ. ಬಿಸಿಲಿಗೆ ಮುಖ ಕೆಂಪಗಾಗ್ಯಾವೆ."

ಅಷ್ಟರಲ್ಲಿ ಹೆಂಗಸರೆಲ್ಲ ಹೋ ಎಂದು ಕೂಗಿದರು. "ಎಂತಾಯ್ತು? ಎಂತಾಯ್ತು?" ಎಂದು ಬೀಗರೂ ಕೂಗಿದರು.

"ಒಂದು ಕೆಂಪಂಗಿ ಹುಡುಗಿ ಗೋಲ್ ಹೊಡದ್ಲು. ಭಾಳ ಚಂದ ಹೊಡದ್ಲು ನೋಡ್ರಿ."

"ಅಯ್ಯೋ, ಕೆಂಪಂಗಿ ಅಂದ್ರೆ ಎದುರು ತಂಡ!"

"ಆದ್ರೇನ್ರೀ? ಚಂದ ಹೊಡದ್ಲು."

ಹೀಗೇ ಎಷ್ಟು ಹೊತ್ತು ಹೋಯಿತೋ. ನಾನು ಕಂಡದ್ದನ್ನೆಲ್ಲ ಹೇಳಿದೆ. ಅವಳ ಒಂದು ಜಡೆ ಬಿಚ್ಚಿದ್ದು, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡದ್ದು, ನೀರು ಕುಡಿದು ಬಾಟಲಿಯನ್ನು ಗೆಳತಿಗೆ ಕೊಟ್ಟದ್ದು. ಚೆಂಡನ್ನು ನೋಡಬೇಕೆಂದು ಎಷ್ಟೋ ಸಲ ಮನಸ್ಸು ಮಾಡಿದೆ. ಕಣ್ಣು ಅವಳನ್ನು ಬಿಟ್ಟು ಬಂದರೆ ತಾನೇ? ಆ ಕಡೆಯ ಜನಕ್ಕೆ ತಾಳ್ಮೆ ತಪ್ಪಿತು. "ಸ್ಕೋರ್ ಕೇಳ್ರಿ ಸ್ವಾಮೀ!" "ಚೆಂಡು ಯಾರತ್ರ ಐತಿ ಕೇಳ್ರಿ!" ಎಂಬ ಕೂಗು ಫೋನಿನಲ್ಲೂ ಬಂತು, ಗೋಡೆಯಾಚೆಯಿಂದಲೂ ಬಂತು.

ಆಗ ಅವಳು ಬಿದ್ದಳು.

ಮೂವರು ಒಟ್ಟಿಗೆ ನುಗ್ಗಿದ್ದರು. ಧೂಳಿನಲ್ಲಿ ಅವಳ ಒಂದು ಕೈ ಮಾತ್ರ ಕಾಣುತ್ತಿತ್ತು. ನಾನು ಫೋನು ಹಿಡಿದುಕೊಂಡೇ ಎದ್ದು ನಿಂತೆ.

"ಬೀಗ್ತಿಯವ್ರೇ? ಯಾಕೆ ಸುಮ್ಮನಾದ್ರಿ?"

"ಬಿದ್ದಾಳ್ರೀ..."

"ಎದ್ದಳಾ?"

"ಏಳ್ತಾ ಅದಾಳೆ. ಮಂಡಿ ನೋಡ್ಕೊಂತಾಳೆ. ನಿಂತ್ಲು. ನಿಂತ್ಲು ಬೀಗ್ರೇ! ಓಡ್ತಾ ಅದಾಳೆ. ಚೆಂಡು... ತಡೀರಿ, ಚೆಂಡು ಎಲ್ಲೈತೋ ಕಾಣವಲ್ದು, ಹುಡುಕ್ತೀನಿ—"

"ಚೆಂಡು ಎಲ್ಲಾದ್ರೂ ಇರ್ಲಿ ಬಿಡಿ," ಎಂದರು ನಮ್ಮ ಬೀಗರು. ಅವರ ದನಿ ಒಡೆದಿತ್ತು. "ಅವಳನ್ನೇ ಹೇಳಿ. ಎಂತ ಮಾಡ್ತಾ ಇದಾಳೆ?"

ನಾನು ಕಣ್ಣೊರೆಸಿಕೊಂಡು ನೋಡಿದೆ. ಬಿಚ್ಚಿದ ಜಡೆಯನ್ನು ಬೆನ್ನಿಗೆಸೆದು, ಮೈಯೆಲ್ಲ ಧೂಳಾಗಿ, ಗೆಳತಿಯರ ನಡುವೆ ನಮ್ಮ ಕೂಸು ಓಡುತ್ತಿತ್ತು.

"ನಗ್ತಾ ಅದಾಳ್ರೀ."

ಆಮೇಲೆ, ಸ್ಕೋರ್ ಕೇಳುತ್ತಿದ್ದ ಅಷ್ಟೂ ಜನರಿಗೆ ಬೀಗರು ಹೇಳಿದ್ದು ಗೋಡೆ ದಾಟಿ ನನ್ನವರೆಗೆ ಬಂತು:

"ನಗ್ತಾ ಇದಾಳಂತೆ!"