ಒಬ್ಬ ನಾರ್ಮಲ್ ಹೆಂಗಸು ಬೇಕಾಗಿದ್ದಾಳೆ

ನವನಗರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ಹೋದ ವರ್ಷ ಮಹಿಳೆಯರ ಆರೋಗ್ಯದ ಪಾಠ ಮಾಡುತ್ತಿದ್ದ ಮೇಡಂ ಹೆರಿಗೆ ರಜೆಗೆ ಹೋದರು. ಪ್ರಾಚಾರ್ಯರು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಕಣ್ಣಾಡಿಸಿ, "ನೀವ ತಗೋರಿ. ಮನ್ಯಾಗ ಹೆಂಗೂ ಅನುಭವ ಐತಲ್ಲ" ಎಂದರು. ನಾನು ಕೂಡಲೇ ಒಪ್ಪಿದೆ. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ಹೆಂಗಸರ ಬಗ್ಗೆ ನನಗೆ ತಿಳಿಯದ್ದು ಇನ್ನೇನು ಉಳಿದೀತು?

ಮೊದಲ ಕೆಲಸವಾಗಿ ಇಳಕಲ್ಲಿನ ಪೇಂಟರೊಬ್ಬರಿಂದ ದೊಡ್ಡ ಚಾರ್ಟ್ ಬರೆಸಿದೆ. 'ಹುಟ್ಟಿನಿಂದ ಮುಪ್ಪಿನವರೆಗೆ ಮಹಿಳೆಯ ಆರೋಗ್ಯ' ಎಂದು ಮೇಲೆ ಶೀರ್ಷಿಕೆ, ಕೆಳಗೆ ಐದು ಚೌಕ: ಹೆಣ್ಣು ಕೂಸು, ಹರೆಯದ ಹುಡುಗಿ, ಗರ್ಭಿಣಿ, ಬಾಣಂತಿ, ಮುದುಕಿ. ಪೇಂಟರು ಐದೂ ಜನರಿಗೆ ಇಳಕಲ್ ಸೀರೆ ಉಡಿಸಿಬಿಟ್ಟಿದ್ದರು. ತೊಟ್ಟಿಲ ಕೂಸಿಗೂ ಕೆಂಪು ಸೆರಗು. ಕೇಳಿದರೆ, "ಊರಿನ ಹೆಸರು ಉಳಿಬೇಕಲ್ರಿ ಸರ್" ಎಂದರು.

ಚಾರ್ಟನ್ನು ಮನೆಗೆ ತಂದು ಗೋಡೆಗೆ ಹಚ್ಚಿದೆ. ನನ್ನ ಹೆಂಡತಿ ಗಿರಿಜಾ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ನಿಂತು ನೋಡಿದಳು.

"ಇದರಾಗ ನಾ ಎಲ್ಲಿ ಅದೇನ್ರಿ?"

ಅವಳಿಗೆ ನಲವತ್ತೊಂದು. ನಾನು ಚಾರ್ಟನ್ನು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ನೋಡಿದೆ. "ನೀ ಯಾವ ಚೌಕದಾಗೂ ಬರಂಗಿಲ್ಲ. ನೀ ಆರಾಮ ಅದಿ" ಎಂದೆ.

"ಹಂಗಾರ ಬಾಣಂತನ ಮುಗಿಸಿ ಸೀದಾ ಮುದುಕಿ ಆಗಬೇಕೇನು?"

"ಜಾಗಾ ಇಲ್ಲ ಗಿರಿಜಾ, ಚಾರ್ಟು ತುಂಬೇತಿ" ಎಂದು ಆ ಚರ್ಚೆಯನ್ನು ಅಲ್ಲಿಗೇ ಮುಕ್ತಾಯಗೊಳಿಸಿದೆ.

ಆಮೇಲೆ ಪ್ರತಿ ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡು ಪಾಠದ ತಾಲೀಮು ನಡೆಸಿದೆ. ಅವಳು ಚಹಾದ ಕಪ್ಪು ಹಿಡಿದು ಕೂರುತ್ತಿದ್ದಳು. ರಕ್ತಹೀನತೆಯ ಸ್ಲೈಡಿಗೆ ಬರುವಷ್ಟರಲ್ಲಿ ಕೂತಲ್ಲೇ ನಿದ್ದೆ. ಸ್ಲೈಡು ಸಪ್ಪೆಯಾಗಿದೆ ಎಂದುಕೊಂಡು ಬಣ್ಣ ಹಾಕಿದೆ. ನಿದ್ದೆ. ರಕ್ತದ ಹನಿಯೊಂದು ಜಿಗಿದು ಜಿಗಿದು ಬರುವಂತೆ ಮಾಡಿದೆ. ಅದು ಜಿಗಿಯುವ ಮೊದಲೇ ನಿದ್ದೆ. "ಕಲಿಯೂದ್ರಾಗ ನಿನಗ ಆಸಕ್ತಿ ಇಲ್ಲ" ಎಂದು ಬೈದೆ. ಮಾಳಿಗೆಗೆ ಹಪ್ಪಳ ಒಣಹಾಕಲು ಹೋಗುವಾಗ ಅವಳು ಮೂರನೇ ಮೆಟ್ಟಿಲಿಗೇ ಕೂರುತ್ತಿದ್ದಳು. ವಾಕಿಂಗ್ ಮಾಡು ಎಂದು ಉಪದೇಶಿಸಿದೆ.

ಇದೇ ದಿನಗಳಲ್ಲಿ ನನ್ನ ಬ್ಯಾಗಿನ ಚಾಕ್‌ಪೀಸುಗಳು ಕಡಿಮೆಯಾಗತೊಡಗಿದ್ದವು. ಆಫೀಸಿನವರು ಅರ್ಧ ಡಬ್ಬಿ ಕೊಟ್ಟು ಪೂರ್ತಿ ಎನ್ನುತ್ತಿದ್ದಾರೆಂದು ಪ್ರಾಚಾರ್ಯರಿಗೆ ಲಿಖಿತ ದೂರು ಸಲ್ಲಿಸಿದೆ. 'ಈ ಬಗ್ಗೆ ಸೂಕ್ತ ತನಿಖೆ ನಡೆಸಬೇಕಾಗಿ ವಿನಂತಿ' ಎಂದು ಬರೆದಿದ್ದು ಇನ್ನೂ ನೆನಪಿದೆ.

ಅಷ್ಟರಲ್ಲಿ ಕಾಲೇಜಿಗೆ ಪರಿಶೀಲನಾ ತಂಡ ಬರುವ ಸುದ್ದಿ ಬಂತು. ಅವರೆದುರು ನಡೆಯುವ ಮಾದರಿ ಪಾಠ ನನ್ನದು. "ಕಾಲೇಜಿನ ಮಾನ ನಿಮ್ಮ ಕೈಯಾಗ ಐತಿ" ಎಂದು ಪ್ರಾಚಾರ್ಯರು ಹೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ. ಆರೋಗ್ಯವಂತ ಮಹಿಳೆಯೊಬ್ಬಳನ್ನು ಕೂರಿಸಿ ವಿದ್ಯಾರ್ಥಿನಿಯರಿಂದ ತಪಾಸಣೆ ಮಾಡಿಸಬೇಕು, ಎಲ್ಲವೂ ನಾರ್ಮಲ್ ಬರಬೇಕು. ಗುಳೇದಗುಡ್ಡದ ಒಬ್ಬ ನೇಕಾರ ಅಕ್ಕ ಬರುತ್ತೇನೆಂದು ಒಪ್ಪಿದ್ದರು. ತಂಡ ಬರುವ ದಿನ ಬೆಳಿಗ್ಗೆ ಅವರ ಫೋನು: "ಇವತ್ತ ಮಗ್ಗಕ್ಕ ಹೊಸಾ ನೂಲು ಏರಸೂದೈತ್ರಿ ಸರ್, ಬರಾಕ ಆಗಂಗಿಲ್ಲ."

ಇನ್ನೆರಡು ತಾಸಿನಲ್ಲಿ ನಾರ್ಮಲ್ ಹೆಂಗಸನ್ನು ಎಲ್ಲಿಂದ ತರಲಿ? ರೊಟ್ಟಿ ಬಡಿಯುತ್ತಿದ್ದ ಗಿರಿಜಾ ಕಣ್ಣಿಗೆ ಬಿದ್ದಳು.

"ಏಳ, ಲಗೂನ ಸೀರಿ ಉಟ್ಕೊ. ಏನೂ ಮಾಡೂದಿಲ್ಲ, ಸುಮ್ನ ಕುಂದ್ರೂದು. ನನ್ನ ಹೆಂಡ್ತಿ ಅಂತ ಮಾತ್ರ ಹೇಳಬ್ಯಾಡ. ಮನಿಯವರನ್ನ ಕರಕೊಂಡು ಬಂದಾನ ಅಂದ್ರ ಚೊಲೊ ಕಾಣಂಗಿಲ್ಲ."

"ಮತ್ತ ಯಾರಂತ ಹೇಳ್ಲಿ?"

"ಓಣಿಯಾಕಿ ಅನ್ನು."

ತಂಡದಲ್ಲಿ ಬೆಂಗಳೂರು ಕಡೆಯ ಒಬ್ಬ ಹಿರಿಯ ಮೇಡಂ ಇದ್ದರು. ಅವರೆದುರು ನಾನು ಗಂಟಲು ಸರಿಮಾಡಿಕೊಂಡು, "ಇವರು ನಮ್ಮ ಓಣಿಯ ಪೂರ್ಣ ಆರೋಗ್ಯವಂತ ಮಹಿಳೆ" ಎಂದು ಪರಿಚಯಿಸಿ ರೇಣುಕಾಳನ್ನು ಕರೆದೆ. ರೇಣುಕಾ ಹುನಗುಂದ ಕಡೆಯ ಹುಡುಗಿ, ನನ್ನ ಮೆಚ್ಚಿನ ವಿದ್ಯಾರ್ಥಿನಿ. ಕಂಡದ್ದನ್ನು ಕಂಡ ಹಾಗೇ ಹೇಳಬೇಕು ಎಂದು ಅವಳಿಗೆ ಕಲಿಸಿದವನು ನಾನೇ.

ಅವಳು ಗಿರಿಜಾಳ ಕೆಳಗಿನ ಕಣ್ರೆಪ್ಪೆ ಎಳೆದು ನೋಡಿದಳು. "ಸರ್, ಕಣ್ಣಿನ ಒಳರೆಪ್ಪಿ ಕೆಂಪಿಲ್ರಿ, ಬೆಳ್ಳಗದಾವ್ರಿ."

"ಟ್ಯೂಬ್‌ಲೈಟಿನ ಬೆಳಕವಾ ಅದು."

ಅವಳು ಗಿರಿಜಾಳನ್ನು ಕಿಟಕಿಯ ಬಿಸಿಲಿಗೆ ಕರೆದೊಯ್ದಳು. "ಇಲ್ಲೂ ಬೆಳ್ಳಗ ಅದಾವ್ರಿ ಸರ್. ಉಗರೂ ಬೆಳ್ಳಗ ಅದಾವು."

"ಹಿಟ್ಟು ಹತ್ತಿರಬೇಕು, ರೊಟ್ಟಿ ಬಡಿಯೂ ಕೈ" ಎಂದೆ. ಓಣಿಯಾಕೆ ಬೆಳಿಗ್ಗೆ ರೊಟ್ಟಿ ಬಡಿದಿದ್ದು ನನಗೆ ಹೇಗೆ ಗೊತ್ತಾಯಿತು ಎಂದು, ಪುಣ್ಯಕ್ಕೆ, ಯಾರೂ ಕೇಳಲಿಲ್ಲ.

ಬೆರಳು ಚುಚ್ಚಿ ರಕ್ತ ನೋಡಿದರು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಆರು ಪಾಯಿಂಟ್ ಎಂಟು. ಇನ್ನೊಮ್ಮೆ ಚುಚ್ಚಿಸಿದೆ. ಅಷ್ಟೇ. ಮೂರನೇ ಬೆರಳೂ ಆಯಿತು. "ಮಷೀನ್ ಕೆಟ್ಟಿದೆ ಮೇಡಂ" ಎಂದು ಘೋಷಿಸಿದೆ.

"ಹೌದಾ? ನಿಮ್ಮ ಕೈ ಕೊಡಿ ನೋಡೋಣ" ಎಂದರು ಹಿರಿಯ ಮೇಡಂ.

ನನಗೆ ಹದಿನೈದು ಬಂತು. "ಮಷೀನ್ ಚೆನ್ನಾಗಿದೆ" ಎಂದರು. ಒಂದೇ ಮನೆ, ಒಂದೇ ಒಲೆ, ಒಂದೇ ರೊಟ್ಟಿ. ಆದರೆ ನಾನು ಬಿಸಿಬಿಸಿಯಾಗಿ ಮೊದಲು ಉಣ್ಣುವವನು, ಅವಳು ಉಳಿದದ್ದನ್ನು ಕೊನೆಗೆ ಉಣ್ಣುವವಳು.

ರೇಣುಕಾ ಪರದೆ ಎಳೆದು ಗಿರಿಜಾಳನ್ನು ವಿಚಾರಿಸತೊಡಗಿದಳು. ನಾವೆಲ್ಲ ಈಚೆ ನಿಂತೆವು. ಪರದೆ ತೆಳುವಾಗಿತ್ತು.

"ಅಕ್ಕಾರ, ತಿಂಗಳಾ ಮುಟ್ಟು ಎಷ್ಟ ದಿವಸ ಹೋಗತೈತ್ರಿ?"

"ಒಂಬತ್ತು, ಹತ್ತು. ಹಿಂಗಾಗಾಕತ್ತು ಒಂದ ವರ್ಷಾತು. ಒಮ್ಮೊಮ್ಮೆ ನಿಂತಲ್ಲೇ ಕಣ್ಣಿಗಿ ಕತ್ತಲ ಬರತೈತಿ."

"ರಕ್ತ ಕಡಿಮಿ ಇದ್ದವರಿಗೆ ಮಣ್ಣು, ಅಕ್ಕಿ, ಬಳಪ ತಿನಬೇಕು ಅನಸತೈತಿ. ನಿಮಗೂ ಅನಸತೈತೇನ್ರಿ?"

"ಚಾಕ್‌ಪೀಸ್ ತಿಂತೇನವಾ. ನಮ್ಮ ಮನಿಯವರ ಬ್ಯಾಗಿನ್ಯಾಗ ಇರ್ತಾವು."

ನನ್ನ ಪಕ್ಕದಲ್ಲೇ ಪ್ರಾಚಾರ್ಯರು ನಿಂತಿದ್ದರು. ನಾನು ಚಾವಣಿಯ ಫ್ಯಾನನ್ನು ನೋಡತೊಡಗಿದೆ.

"ಮನಿಯವರಿಗೆ ಇದನ್ನೆಲ್ಲ ಹೇಳಿಲ್ಲೇನ್ರಿ?"

"ಹೇಳೇನಿ. ಕಂಪ್ಯೂಟರ್ ಮುಂದ ಕುಂತಿದ್ರು. ಹೂಂ ಅಂದ್ರು."

"ಏನ್ ಕೆಲಸ ಅವರದು?"

"ಪಾಠ ಹೇಳ್ತಾರ."

"ಯಾವ ಪಾಠರಿ?"

"ಇದನ್ನ" ಎಂದಳು.

"ಇದನ್ನ ಅಂದ್ರ?"

"ಇದನ್ನವಾ, ಈಗ ನೀ ಕೇಳಾಕತ್ತೀಯಲ್ಲ, ಇದನ್ನ. ಹೊರಗ ನಿಂತಾರ ನೋಡು."

ಹಿರಿಯ ಮೇಡಂ ನಿಧಾನವಾಗಿ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ವಿದ್ಯಾರ್ಥಿನಿಯರಿಗೆ ಬಹಳ ಚೆನ್ನಾಗಿ ಕಲಿಸಿದ್ದೀರಿ. ಈಗ ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದರು.

ಆಟೋದವನಿಗೆ ಲಗೂನ ನಡಿ ಎಂದು ಮೂರು ಸಲ ಹೇಳಿದೆ. ಪಾಠ ಕೆಟ್ಟಿತೆಂದಲ್ಲ. ರಕ್ತ ಏಳಕ್ಕಿಂತ ಕೆಳಗಿಳಿದರೆ ಹೃದಯಕ್ಕೆ ಏನಾಗುತ್ತದೆ ಎಂಬುದು ನನ್ನ ಸ್ಲೈಡಿನಲ್ಲೇ ಇತ್ತು. ಅದನ್ನು ಓದುವ ಹೊತ್ತಿಗೆ ಅವಳು ದಿನಾ ಎದುರಿಗೆ ಕೂತು ತೂಕಡಿಸುತ್ತಿದ್ದಳು. ಗಿರಿಜಾ ಮೂರು ಬೆರಳಿಗೂ ಹತ್ತಿ ಒತ್ತಿಕೊಂಡು, "ಪಾಸಾದಿರೇನ್ರಿ?" ಎಂದು ಕೇಳಿದಳು.

ಗರ್ಭಕೋಶದಲ್ಲಿ ಒಂದು ಸಣ್ಣ ಗಂಟು ಇತ್ತು. ಹೆದರುವಂಥದ್ದಲ್ಲ, ಆದರೆ ಇಷ್ಟು ತಡ ಮಾಡಬಾರದಿತ್ತು ಎಂದರು ಡಾಕ್ಟರು. ರಕ್ತ ಏರಿಸಿದರು, ಮಾತ್ರೆ ಕೊಟ್ಟರು. ಮೂರು ತಿಂಗಳಲ್ಲಿ ಅವಳು ಮಾಳಿಗೆ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತತೊಡಗಿದಳು. ನನ್ನ ತಾಲೀಮಿನಲ್ಲಿ ಎಚ್ಚರವಾಗಿ ಕೂತು ತಪ್ಪು ಹಿಡಿಯತೊಡಗಿದಳು. ಚಾಕ್‌ಪೀಸಿನ ದೂರನ್ನು ನಾನು ಲಿಖಿತವಾಗಿಯೇ ಹಿಂಪಡೆದೆ. ಚಾರ್ಟಿನಲ್ಲಿ ಬಾಣಂತಿಗೂ ಮುದುಕಿಗೂ ನಡುವೆ ಆರನೇ ಚೌಕ ಬಂತು: ನಲವತ್ತು ದಾಟಿದ ಹೆಂಗಸು. ಪೇಂಟರು ಅವಳಿಗೂ ಇಳಕಲ್ ಸೀರೆಯನ್ನೇ ಉಡಿಸಿದರು.

ವಿದ್ಯಾರ್ಥಿನಿಯರು ಒಂದು ಕುಟುಂಬಕ್ಕೆ ಹೋಗಿ ಆರೋಗ್ಯ ವಿಚಾರಿಸುವ ಮನೆಭೇಟಿಯ ಅಭ್ಯಾಸಕ್ಕೆ ರೇಣುಕಾ ನಮ್ಮ ಮನೆಯನ್ನೇ ಆರಿಸಿಕೊಂಡಳು. ಗಿರಿಜಾಳ ಪಕ್ಕ ಕೂತು, ಕಬ್ಬಿಣಾಂಶದ ಮಾತ್ರೆ ನುಂಗಿದ ಮೇಲೆ ಚಹಾ ಕುಡಿಯಬಾರದು ಎಂದು ತಿಳಿಹೇಳಿ, ಅವಳು ಕೊಟ್ಟ ಶೇಂಗಾ ಹೋಳಿಗೆ ತಿಂದು, ಕುಟುಂಬದ ವರದಿ ಬರೆದುಕೊಂಡು ಹೋದಳು. ಮಾರನೇ ದಿನ ಆ ವರದಿ ತಿದ್ದಲು ನನ್ನ ಮೇಜಿಗೇ ಬಂತು.

ಕುಟುಂಬದ ಮುಖ್ಯಸ್ಥರ ಉದ್ಯೋಗ: ಮಹಿಳೆಯರ ಆರೋಗ್ಯದ ಶಿಕ್ಷಕರು.

ಮಹಿಳೆಯರ ಆರೋಗ್ಯದ ಬಗ್ಗೆ ಮುಖ್ಯಸ್ಥರಿಗಿರುವ ತಿಳಿವಳಿಕೆ: ಇಲ್ಲ. ಕಲಿಸಬೇಕಾಗಿದೆ.

ಕಂಡದ್ದನ್ನು ಕಂಡ ಹಾಗೇ ಬರೆದಿದ್ದಳು. ಕೆಂಪು ಪೆನ್ನು ತೆಗೆದು ಹತ್ತಕ್ಕೆ ಹತ್ತು ಕೊಟ್ಟು, 'ಪರಿಶೀಲಿಸಲಾಗಿದೆ, ಮಾಹಿತಿ ಸರಿಯಾಗಿದೆ' ಎಂಬಲ್ಲಿ ಸಹಿ ಹಾಕಿದೆ.