ಮಾತಾಡುವ ವಾಚೂ ಗಲ್ಲಾದ ಕುರ್ಚಿಯೂ

ಮೀಟರು ಎಂದು ಹೆಸರಾದವನು ವಾಚು ಕೊಂಡದ್ದು ಹಿಂದಿನ ಸಂಜೆ. ಅದಕ್ಕಾಗಿ ಪರಿತಪಿಸಲು ಶುರುಮಾಡಿದ್ದೂ ಹಿಂದಿನ ಸಂಜೆಯೇ, ಬಿಲ್ಲು ಮಡಿಸಿ ಜೇಬಿಗಿಡುವಾಗ.

ಪರದೆ ಬಟ್ಟೆಯ ಅಂಗಡಿಯಲ್ಲಿ ದಿನವಿಡೀ ನಿಂತು ಬಟ್ಟೆ ಅಳೆಯುವವನಾದ್ದರಿಂದ ಎಲ್ಲರಿಗೂ ಅವನು ಮೀಟರು. ಗಿರಾಕಿ ಅನುಮಾನಿಸಿದರೆ, "ನಿಮಗೆ ಬೇಡ ಅಂದ್ರೆ ಬೇಡ ಮೇಡಂ, ಮನೆಯವರ ಕಣ್ಣಿನ ಬಗ್ಗೆ ಸ್ವಲ್ಪ ಯೋಚನೆ ಮಾಡಿ" ಎಂದು ತಗ್ಗಿದ ದನಿಯಲ್ಲಿ ಹೇಳಿ ದಪ್ಪ ಪರದೆಯನ್ನೇ ದಾಟಿಸುವುದರಲ್ಲಿ ಅವನು ಪಳಗಿದ್ದ. ಚಾರ್ಜರ್ ಕೊಳ್ಳಲು ಹೋದಾಗ ಮೊಬೈಲ್ ಅಂಗಡಿಯವನು ಎದೆಬಡಿತ, ನಡಿಗೆ, ನಿದ್ದೆ ಎಲ್ಲ ಲೆಕ್ಕ ಹಾಕಿ ಹೇಳುವ ವಾಚೊಂದನ್ನು ಮುಂದಿಟ್ಟು ಅದೇ ದನಿಯಲ್ಲಿ, ನಿಮಗೆ ಬೇಡ ಅಂದ್ರೆ ಬೇಡ ಸರ್, ನಿಮ್ಮ ಹೃದಯದ ಬಗ್ಗೆ ಸ್ವಲ್ಪ ಯೋಚನೆ ಮಾಡಿ ಎಂದ. ಮೀಟರಿಗೆ ತಂತ್ರ ಗೊತ್ತಾಯಿತು. ಗೊತ್ತಾದ ಮೇಲೂ ಬಿದ್ದ.

ವಾಚು ಕನ್ನಡ ಮಾತಾಡುತ್ತಿತ್ತು. ದನಿ ಮಾತ್ರ ಶಾಲೆಯ ದೊಡ್ಡ ಟೀಚರಮ್ಮನದು. ಬಾಯಿ ಮುಚ್ಚಿಸುವ ಗುಂಡಿ ಯಾವುದೆಂದು ತಿಳಿಯಲಿಲ್ಲ. ಮೊಬೈಲ್ ಅಂಗಡಿಯವನು ತಾನೇ ಕೈಗೆ ಕಟ್ಟಿ ಕಳಿಸಿದ್ದನೇ ಹೊರತು ಬಿಚ್ಚುವುದು ಹೇಗೆಂದು ಹೇಳಿರಲಿಲ್ಲ. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಸೇರಿ ಎಳೆದಾಡಿದರೂ ಕೊಂಡಿ ಬಿಡಲಿಲ್ಲ. ಅವನು ಕತ್ತರಿ ಹುಡುಕತೊಡಗಿದಾಗ ಹೆಂಡತಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ಬಿಚ್ಚೋಕಾಗದಿದ್ರೆ ಹಾಕ್ಕೊಂಡೇ ಹೋಗಿ. ಅಷ್ಟು ಸುರಿದು ತಂದದ್ದನ್ನ ಕತ್ತರಿಸಿದ್ರೆ ಮಾತ್ರ ನಾನು ಸುಮ್ನಿರಲ್ಲ."

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಗಲ್ಲಾದಲ್ಲಿ ಕೂರುತ್ತಿದ್ದ ಅಜ್ಜ ಕೆಲಸ ಬಿಟ್ಟು ಮಗಳ ಮನೆ ಸೇರುವವರಿದ್ದರು. ಆ ಜಾಗ ಯಾರಿಗೆಂದು ಯಜಮಾನರು ಅವತ್ತೇ ಸಂಜೆ ಹೇಳುವವರಿದ್ದರು. ಮೀಟರಿಗೆ ಬೇಕಾಗಿದ್ದದ್ದು ಗಲ್ಲಾ ಅಲ್ಲ, ಗಲ್ಲಾದ ಹಿಂದಿದ್ದ ಕುರ್ಚಿ. ಅಂಗಡಿಯಲ್ಲಿ ಮಿಕ್ಕ ಮಖಮಲ್ಲಿನಿಂದ ಹೊಲಿದ ಮೆತ್ತೆ, ಎರಡೂ ಕಡೆ ಕೈ, ಕೂತರೆ ದೊಡ್ಡವರು ನಿಟ್ಟುಸಿರು ಬಿಟ್ಟಂತೆ ಒಂದು ಸದ್ದು. ಸಂಜೆಯ ಹೊತ್ತಿಗೆ ಅವನ ಪಾದಗಳು ಉಬ್ಬಿದ ಬನ್ನಿನಂತಾಗಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಡಾಕ್ಟರು ನಿಲ್ಲುವ ಕೆಲಸ ಬಿಡಿ ಎಂದಿದ್ದರು, ಬಿಟ್ಟು ಏನು ಮಾಡಬೇಕೆಂದು ಹೇಳಿರಲಿಲ್ಲ.

ಇನ್ನು ಯಜಮಾನರೋ, ಲೈಟಿನ ಸ್ವಿಚ್ಚನ್ನು ತಾವೇ ಓಡಾಡಿ ಆರಿಸುವವರು. ದುಂದುಗಾರನನ್ನು ಗಲ್ಲಾದ ಹತ್ತಿರ ಸುಳಿಯಲೂ ಬಿಡುವವರಲ್ಲ. ಹಾಗಾಗಿ ಮೀಟರು ತುಂಬು ತೋಳಿನ ಅಂಗಿ ತೊಟ್ಟು, ಗುಂಡಿ ಬಿಗಿದು, ಮುರಿದ ಕೈಯನ್ನು ಕಾಯುವವನಂತೆ ಅಂಗಡಿಗೆ ಬಂದ.

ಮೊದಲ ಗಿರಾಕಿ ಹೊಸ ಮನೆಯ ಯಜಮಾನಿ. ಅವರಿಗೆ ಪಡಸಾಲೆಯ ಕಿಟಕಿಗೆ ನೀಲಿ ಬಟ್ಟೆ ಬೇಕಿತ್ತು. ಮೀಟರು ಎರಡೂ ತೋಳು ಚಾಚಿ, ಮಡಚಿ, ಚಾಚಿ, ಮಡಚಿ ಸರಸರ ಅಳೆಯುತ್ತಿದ್ದಾಗ ತೋಳಿನೊಳಗಿಂದ ಟೀಚರಮ್ಮ ಮಾತಾಡಿದಳು.

"ಭೇಷ್. ನೀವು ಚೆನ್ನಾಗಿ ಈಜುತ್ತಿದ್ದೀರಿ."

ಹೆಂಗಸು ಅವನನ್ನೂ ಮೇಜಿನ ತುಂಬ ಹರಡಿದ್ದ ನೀಲಿ ಬಟ್ಟೆಯನ್ನೂ ನೋಡಿ, ಹಸಿರು ತೋರಿಸಿ ಎಂದರು.

ಪಕ್ಕದಲ್ಲಿ ದಿಂಬು ಮಾರುತ್ತಿದ್ದವನ ಕಿವಿ ನೆಟ್ಟಗಾಯಿತು. ಅವನನ್ನು ಎಲ್ಲರೂ ದಿಂಬು ಎಂದೇ ಕರೆಯುತ್ತಿದ್ದರು. ಸರಕನ್ನೂ ಆಳನ್ನೂ ನೋಡಿದವರಿಗೆ ಕಾರಣ ಕೇಳಬೇಕೆನಿಸುತ್ತಿರಲಿಲ್ಲ. ಗಲ್ಲಾದ ಮೇಲೆ ಅವನಿಗೂ ಕಣ್ಣಿತ್ತು. ಅವನು ಅಕ್ಕರೆಯಿಂದ ಮೀಟರಿನ ಕೈ ಹಿಡಿದು, ತೋಳು ಸರಿಸಿ, ವಾಚನ್ನು ಇಡೀ ಅಂಗಡಿಗೆ ಪರಿಚಯಿಸಿದ.

ಊಟದ ಹೊತ್ತಿಗೆ ಎಲ್ಲರಿಗೂ ಒಂದೇ ಪ್ರಶ್ನೆ: ತಗೋಬಹುದಾ? ಗಲ್ಲಾದ ಅಜ್ಜ ತಮ್ಮ ಅಳಿಯನಿಗೆ ಕೊಡಿಸಬೇಕೆಂದಿದ್ದರು. ಹೊಲಿಗೆ ಯಂತ್ರದ ಅಕ್ಕನಿಗೆ, ನಿದ್ದೆ ಲೆಕ್ಕ ಹಾಕುವ ವಾಚು ಗಂಡನ ಗೊರಕೆಯನ್ನೂ ಲೆಕ್ಕ ಹಾಕುತ್ತದೆಯೇ ಎಂದು ತಿಳಿಯಬೇಕಿತ್ತು. ಮೀಟರು ಸುಳ್ಳು ಹೇಳಲಾರದೆ, ತಗೋಬೇಡಿ, ದುಡ್ಡು ನೀರಲ್ಲಿ ಹಾಕಿದ ಹಾಗೆ, ನಾನೇ ಕೆಟ್ಟೆ ಎಂದು ಮನಸ್ಸು ಬಿಚ್ಚಿ ಹೇಳಿಕೊಂಡ. ದಿಂಬು ಅದನ್ನು ತಣ್ಣಗಾಗಲು ಬಿಡದೆ ಯಜಮಾನರ ಗಾಜಿನ ಕೋಣೆಗೆ ಮುಟ್ಟಿಸಿದ.

ಒಳಗಿಂದ ಮೀಟರಿಗೆ ಕರೆ ಬಂತು. ಅಕ್ಕ ಬಾಯಲ್ಲಿದ್ದ ಸೂಜಿ ತೆಗೆದು, "ಕೆಟ್ಟೆ ಅಂತ ಮಾತ್ರ ಒಳಗೆ ಹೋಗಿ ಅನ್ನಬೇಡ ಮಾರಾಯ. ಒಳ್ಳೇದಾಯ್ತು ಅನ್ನು. ಕೆಟ್ಟೆ ಅಂದವನ ಕೈಗೆ ಯಾರೂ ಗಲ್ಲಾ ಕೊಡಲ್ಲ" ಎಂದು ಎಚ್ಚರಿಸಿದಳು.

ಯಜಮಾನರು ಕುರ್ಚಿಯಲ್ಲಿ ಒರಗಿದ್ದರು. ಮೀಟರು ಎದುರಿಗೆ ಕೈಕಟ್ಟಿ ನಿಂತ. ದುಂದಿನ ಬಗ್ಗೆ ಉಪದೇಶ ಅವರ ತಂದೆಯ ಕಾಲದಿಂದ ಶುರುವಾಗಿ ಬಹಳ ನಿಧಾನವಾಗಿ ಈ ಕಾಲದ ಕಡೆಗೆ ಬರುತ್ತಿತ್ತು. ಮೀಟರು ಒಂದು ಬೆರಳೂ ಅಲುಗಿಸಲಿಲ್ಲ. ಅಲುಗದವರೆಲ್ಲ ಕೂತವರು ಎಂಬುದು ವಾಚಿನ ತಿಳಿವಳಿಕೆ.

"ಏಳಿ," ಎಂದಳು ಟೀಚರಮ್ಮ. "ತುಂಬಾ ಹೊತ್ತಿನಿಂದ ಕೂತಿದ್ದೀರಿ."

ಯಜಮಾನರು ಎದ್ದು ನಿಂತರು. ತಾವೇಕೆ ಎದ್ದೆವೆಂದು ಅವರಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಕೂರುವುದೋ ಬೇಡವೋ ಎಂದು ಇನ್ನೊಂದು ಗಳಿಗೆ.

"ಏನಿದು?"

ಕೆಲಸ ಹೋಯಿತೆಂದೇ ಮೀಟರು ಅಂದುಕೊಂಡ. ಆಗ ಅವನ ಬಾಯಿಂದ, ಅವನನ್ನು ಕೇಳದೆಯೇ, ಪರದೆ ಮಾರುವ ತಗ್ಗಿದ ದನಿ ಹೊರಟಿತು.

"ನಿಮಗೆ ಬೇಡ ಅಂದ್ರೆ ಬೇಡ ಸಾರ್. ನಿಮ್ಮ ಬೆನ್ನಿನ ಬಗ್ಗೆ ಸ್ವಲ್ಪ ಯೋಚನೆ ಮಾಡಿ."

ಯಜಮಾನರ ಕೈ ತನ್ನಷ್ಟಕ್ಕೆ ಸೊಂಟದ ಮೇಲೆ ಹೋಯಿತು. ಮೀಟರು ಅದನ್ನು ಗಮನಿಸಿ ಮುಂದುವರಿಸಿದ. ಕೂತವರಿಗೆ ಬೆನ್ನು ಹೋಗುತ್ತದೆ, ಆಮೇಲೆ ಹೊಟ್ಟೆ ಬರುತ್ತದೆ, ಕೊನೆಗೆ ಹೃದಯಕ್ಕೆ ಬಡಿಯುತ್ತದೆ ಎಂದ. ನಿಂತವನ ರಕ್ತ ಹೊಳೆಯ ಹಾಗೆ ಹರಿಯುತ್ತದೆ ಎಂದ. ತಾನು ಇಷ್ಟು ವರ್ಷದಲ್ಲಿ ಕಾಯಿಲೆ ಎಂದು ರಜೆ ಹಾಕದಿರುವುದಕ್ಕೆ ನಿಲ್ಲುವುದೇ ಕಾರಣವೆಂದೂ ವಾಚು ಅದನ್ನು ಖಚಿತಪಡಿಸಿತೆಂದೂ ಹೇಳಿದ. ದುಂದಲ್ಲ ಸಾರ್, ಡಾಕ್ಟರ ಖರ್ಚು ಉಳಿಸೋ ಉಪಾಯ ಎಂದು ಮುಗಿಸಿದ. ಉಳಿತಾಯ ಎಂಬ ಮಾತು ಕೇಳಿ ಯಜಮಾನರ ಮುಖ ಹೊಸ ಟ್ಯೂಬ್‌ಲೈಟಿನಂತೆ ಮಿಟುಕಿ ಮಿಟುಕಿ ಹೊತ್ತಿಕೊಂಡಿತು.

ಹೊರಗೆ ಬಂದ ಮೀಟರು ಗೆದ್ದೆನೋ ಸೋತೆನೋ ಎಂದು ತಿಳಿಯದೆ ಅವತ್ತಿನ ಮಧ್ಯಾಹ್ನ ಒಬ್ಬರಿಗೆ ಅರ್ಧ ಮೀಟರು ಹೆಚ್ಚಾಗಿಯೇ ಅಳೆದುಕೊಟ್ಟ.

ಸಂಜೆ ಶಟರು ಅರ್ಧ ಇಳಿಸಿ ಯಜಮಾನರು ಎಲ್ಲರನ್ನೂ ಸೇರಿಸಿದರು. ಅಜ್ಜನ ಪ್ರಾಮಾಣಿಕತೆಯನ್ನು ಹೊಗಳಿದರು. ಆಮೇಲೆ ಮೀಟರಿನ ಹೆಗಲ ಮೇಲೆ ಕೈಯಿಟ್ಟು, ತನ್ನ ಮೈಯನ್ನೇ ಇಷ್ಟು ಲೆಕ್ಕವಾಗಿ ನೋಡಿಕೊಳ್ಳುವವನು ನಮ್ಮ ಗಲ್ಲಾವನ್ನು ನೋಡಿಕೊಳ್ಳದೆ ಇರುತ್ತಾನೆಯೇ ಎಂದು ಕೇಳಿ ಬೀಗದ ಕೈ ಕೊಟ್ಟರು. ದಿಂಬು ಚಪ್ಪಾಳೆ ತಟ್ಟಿದ. ಸದ್ದು ಬರಲಿಲ್ಲ.

ಮೀಟರು ಮೆಲ್ಲಗೆ ಗಲ್ಲಾದ ಹಿಂದೆ ಹೋಗಿ ಕುರ್ಚಿಯ ಕೈ ಹಿಡಿದುಕೊಂಡ. ಮೊಣಕಾಲು ಮಡಚಿಕೊಳ್ಳಲು ಸಿದ್ಧವಾಗಿತ್ತು.

"ಹಾಂ, ಅದನ್ನೇ ಹಿಡ್ಕೋ," ಎಂದರು ಯಜಮಾನರು. "ಅಜ್ಜನಿಗೆ ಏನಾದ್ರೂ ಕೊಡಬೇಕಲ್ಲ ಅಂತಿದ್ದೆ. ಈ ಕುರ್ಚೀನೇ ಕೊಟ್ಟು ಕಳಿಸೋಣ. ನಾಳೆಯಿಂದ ನಮ್ಮಲ್ಲಿ ಯಾರೂ ಕೂರೋದಿಲ್ಲ. ನೀನೇ ಕಣ್ಣು ತೆರೆಸಿದೆ."

ಊಟದ ಬೆಂಚೂ ಗೋದಾಮಿಗೆ ಹೋಗುವುದೆಂದು ಆಗಲೇ ತೀರ್ಮಾನವಾಗಿತ್ತು. ಅಕ್ಕನ ಸ್ಟೂಲಿಗೆ ವಿನಾಯಿತಿ, ಅವಳು ಹೇಗೂ ಯಂತ್ರ ತುಳಿಯುತ್ತಿರುತ್ತಾಳೆ. ಗಾಜಿನ ಕೋಣೆಯ ಕುರ್ಚಿಯೂ ಇರುತ್ತದೆ, ಯೋಚನೆ ಮಾಡುವವರಿಗೆ ಕೂರದೆ ಆಗುವುದಿಲ್ಲ. ಗಲ್ಲಾದಲ್ಲಿ ನಿಂತವನು ಮಾತ್ರ ಅದನ್ನು ಬಿಟ್ಟು ಒಂದು ಹೆಜ್ಜೆಯೂ ಕದಲುವಂತಿಲ್ಲ. ಅಳೆಯುವಾಗಲಾದರೂ ಮೇಜಿನ ಈ ತುದಿಯಿಂದ ಆ ತುದಿಗೆ ಓಡಾಡಿ ಕಾಲು ಸಡಿಲಿಸಿಕೊಳ್ಳಬಹುದಿತ್ತು. ಎಲ್ಲರೂ ಮೀಟರನ್ನು ನೋಡಿದರು. ಯಾರ ನೋಟದಲ್ಲೂ ಅಭಿನಂದನೆ ಇರಲಿಲ್ಲ.

"ಏನಾದ್ರೂ ಹೇಳೋದಿದ್ಯಾ?" ಎಂದು ಯಜಮಾನರು ಕೇಳಿದರು.

ನಿಲ್ಲಲಾರೆ ಎಂದು ಹೇಳಿದರೆ ವಾಚು ದಂಡವಾಗುತ್ತದೆ. ವಾಚು ದಂಡವಾದರೆ ಅವನು ದುಂದುಗಾರನಾಗುತ್ತಾನೆ.

"ಏನಿಲ್ಲ ಸಾರ್," ಎಂದ ಮೀಟರು.

ಕುರ್ಚಿಯನ್ನು ಸಾಮಾನಿನ ಗಾಡಿಗೆ ಏರಿಸುವಾಗ ಒಂದು ಕಡೆ ಅವನೇ ಕೈಹಾಕಿದ. ಅದು ಅವನು ಎಣಿಸಿದ್ದಕ್ಕಿಂತ ಭಾರವಿತ್ತು. ಅಜ್ಜ ಹಿಂದೆಯೇ ಹತ್ತಿ ಅದರಲ್ಲಿ ಕೂತರು. ಕುರ್ಚಿ ನಿಟ್ಟುಸಿರು ಬಿಟ್ಟಿತು. ಅಜ್ಜ ಎರಡೂ ಕೈ ಅಗಲಿಸಿ ಆರಾಮವಾಗಿ ಒರಗಿ, ಕೃತಜ್ಞತೆಯಿಂದ ಮೀಟರನ್ನು ನೋಡಿದರು.

"ಹೋಗಪ್ಪ, ಅಲ್ಲಿ ಗಲ್ಲಾ ಹತ್ರ ಯಾರೂ ಇಲ್ಲ. ಹೋಗಿ ನಿಂತ್ಕೋ."