ಶೇಕಡಾ ಮೂವತ್ತಾರರ ಕುರ್ಚಿ

ಲೆಕ್ಕ ಬಾರದೆ ಹಾಳಾದವರನ್ನು ನೀವು ಬೇಕಾದಷ್ಟು ಕಂಡಿರಬಹುದು. ಲೆಕ್ಕ ಬಂದು ಹಾಳಾದವನನ್ನು ನೋಡಬೇಕಿದ್ದರೆ ನಮ್ಮ ಮನೆಗೆ ಬನ್ನಿ. ಕೂರಲು ಚಾಪೆ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕುರ್ಚಿ ಇತ್ತು, ಈಗ ಇಲ್ಲ.

ನಾನು ಹವಾಮಾನ ಕಚೇರಿಯಲ್ಲಿ ಗುಮಾಸ್ತ. ನಾಳೆ ಮಳೆ ಬರುವ ಸಾಧ್ಯತೆ ಶೇಕಡಾ ಎಷ್ಟೆಂದು ಬರೆದು ಕಳಿಸುವುದು ನನ್ನ ಉದ್ಯೋಗ. (ನನ್ನ ಹೆಂಡತಿ ಬಟ್ಟೆ ಒಣಹಾಕುವ ಮುಂಚೆ ನನ್ನನ್ನು ಕೇಳುವುದಿಲ್ಲ. ಪಕ್ಕದ ಮನೆ ಅಜ್ಜಿಗೆ ಮಂಡಿ ನೋವು ಹೇಗಿದೆ ಎಂದು ಕೇಳಿಕೊಂಡು ಬರುತ್ತಾಳೆ.) ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಅವಳ ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಎರಡು ಬೀದಿ ಆಚೆ ವಾಸ. ಪ್ರತಿ ಭಾನುವಾರ ಮಧ್ಯಾಹ್ನ ಬರುತ್ತಾನೆ, ಇಬ್ಬರೂ ಇಸ್ಪೀಟಿನ ಪೋಕರ್ ಆಡುತ್ತೇವೆ. ದುಡ್ಡಿಟ್ಟು ಅಲ್ಲ ಸ್ವಾಮಿ, ಹೆಂಡತಿಯ ಡಬ್ಬಿಯಲ್ಲಿನ ಅಂಗಿ ಗುಂಡಿಗಳನ್ನಿಟ್ಟು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಕೈಗೆ ಎರಡೆರಡು ಎಲೆ. ನಡುವೆ ಇಬ್ಬರಿಗೂ ಸೇರಿದ ಐದು ಎಲೆ. ಮೊದಲು ಮೂರು ಬಿಚ್ಚುತ್ತಾರೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಒಂದೇ ಜಾತಿಯ ಐದು ಎಲೆ ಕೂಡಿದರೆ ಭಾರಿ ಕೈ. ನಾಲ್ಕು ಕೂಡಿ ಐದನೆಯದಕ್ಕೆ ಬಾಯಿ ಬಿಟ್ಟುಕೊಂಡು ಕಾಯುತ್ತೇವಲ್ಲ, ಅಲ್ಲಿ ಬುದ್ಧಿವಂತನ ಪರೀಕ್ಷೆ. ಜಾತಿಗೆ ಹದಿಮೂರು ಎಲೆ. ನಾಲ್ಕು ಕಣ್ಣೆದುರಿಗಿದ್ದರೆ ಬಾಕಿ ಒಂಬತ್ತು. ಬಿಚ್ಚಲು ಎರಡು ಎಲೆ ಉಳಿದಿದ್ದರೆ ನಾಲ್ಕರಿಂದ ಗುಣಿಸಬೇಕು: ಶೇಕಡಾ ಮೂವತ್ತಾರು. ಒಂದೇ ಉಳಿದಿದ್ದರೆ ಎರಡರಿಂದ: ಹದಿನೆಂಟು. ಈ ದಿವ್ಯಜ್ಞಾನವನ್ನು ಭಾವಮೈದುನನಿಗೆ ಎಷ್ಟು ಭಾನುವಾರ ಬೋಧಿಸಿದೆನೋ!

“ನಂಗದೆಲ್ಲ ತಲೆಗೆ ಹತ್ತಲ್ಲ ಭಾವ. ಎಲೆ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ,” ಎನ್ನುತ್ತಿದ್ದ ಆ ಅಜ್ಞಾನಿ.

ಹೋದ ತಿಂಗಳು ಅವನ ಗುಂಡಿಗಳೆಲ್ಲ ಮುಗಿದು, ತನ್ನ ಟೇಬಲ್ ಫ್ಯಾನನ್ನೇ ಪಣಕ್ಕಿಟ್ಟು ಸೋತ. ಮುಖ ಚಿಕ್ಕದು ಮಾಡಿಕೊಂಡು, “ಸೆಕೆ ಕಾಲ ಭಾವ...” ಎಂದು ರಾಗ ಎಳೆದ. ನಾನು ಏನಂದೆ ಗೊತ್ತೆ? “ಲೆಕ್ಕಕ್ಕೆ ನೆಂಟಸ್ತಿಕೆ ಇಲ್ಲಪ್ಪಾ.” ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಇನ್ನು ಕುರ್ಚಿ. ನಮ್ಮಪ್ಪನದು, ಬೆತ್ತದ ಒರಗು ಕುರ್ಚಿ. ಅಪ್ಪ ಬೆರಳಿನಿಂದ ತಾಳ ಹಾಕಿ ಹಾಕಿ ಅದರ ಬಲಗೈ ನುಣುಪಾಗಿತ್ತು. ಸಂಜೆ ಆರೂವರೆಗೆ ಕಚೇರಿಯಿಂದ ಬಂದು ಅದರಲ್ಲಿ ಕುಸಿದು ಕೂತರೆ ಸಿಂಹಾಸನ ಏರಿದ ಹಾಗೆ. ಕೂತಾಗೆಲ್ಲ ಅದು ಬೆಚ್ಚಗಿರುತ್ತಿತ್ತು. ಪಶ್ಚಿಮದ ಕಿಟಕಿಯ ಬಿಸಿಲು ಎಂದು ಹನ್ನೆರಡು ವರ್ಷ ನಾನು ತಿಳಿದಿದ್ದೆ. (ಹವಾಮಾನ ಕಚೇರಿಯವನಿಗೆ ಇಷ್ಟೂ ತಿಳಿಯದೆ?)

ಕುರ್ಚಿ ಕಳೆದುಕೊಂಡ ಭಾನುವಾರ ಭಾವಮೈದುನ ಎಲೆಗಳ ಮೇಲೆ ಚಹಾ ಚೆಲ್ಲಿದ. ನಾನು ಬೀರುವಿನ ಮೇಲಿನಿಂದ ಹಳೆಯ ಕಟ್ಟೊಂದನ್ನು ಹುಡುಕಿ, ಧೂಳು ಕೊಡವಿ ತಂದೆ. ಹೆಂಡತಿ ಮೂಲೆಯಲ್ಲಿ ಲಂಗದ ಅಂಚು ಮಡಿಸುತ್ತಿದ್ದವಳು ತಲೆಯೆತ್ತಿದಳು.

“ಕಟ್ಟು ತೆಳ್ಳಗೆ ಕಾಣ್ತದಲ್ರೀ. ಒಂದ್ಸಲ ಎಣಿಸಿ.”

“ಹಳೇದು ಕಣೇ, ಸವೆದಿದೆ.”

“ಒಂದು ಅಂಗಿಗೆ ಏಳು ಗುಂಡಿ ಹಾಕೋ ಮುಂಚೆ ನಾನು ಏಳಿದೆಯಾ ಅಂತ ನೋಡ್ಕೋತೀನಿ.”

“ನಾನು ಸಂಭವನೀಯತೆ ಲೆಕ್ಕ ಹಾಕೋನು! ಒಂದು, ಎರಡು, ಮೂರು ಅಂತ ಎಣಿಸ್ತಾ ಕೂರೋಕೆ ನಾನೇನು ಒಂದನೇ ಕ್ಲಾಸಾ?”

ಅವಳು ಹಲ್ಲಿನಲ್ಲಿ ದಾರ ಕಡಿದಳು.

ನಾಲ್ಕು ಗಂಟೆಗೆಲ್ಲ ನನ್ನ ಗುಂಡಿಗಳು ಖಾಲಿ. ಗೆದ್ದ ಫ್ಯಾನನ್ನೇ ನಡುವೆ ಇಟ್ಟೆ. ಆಗ ಬಂತು ನೋಡಿ ಎಲೆ! ಕೈಯಲ್ಲಿ ಆಟಿನ್ (ಕೆಂಪು ಹೃದಯದ ಜಾತಿ) ಎಕ್ಕ, ಆಟಿನ್ ಒಂಬತ್ತು. ನಡುವೆ ಬಿಚ್ಚಿದ ಮೂರರಲ್ಲಿ ಆಟಿನ್ ರಾಜ, ಆಟಿನ್ ನಾಲ್ಕು, ಜೊತೆಗೆ ಯಾವುದೋ ಕಳಾವರ್ ಎಂಟು. ಅಂದರೆ ನಾಲ್ಕು ಆಟಿನ್ ಕೂಡಿದ್ದವು. ಭಾವಮೈದುನ ಜೇಬಿನಿಂದ ಸೈಕಲ್ ಕೀ ತೆಗೆದು ಫ್ಯಾನಿನ ಪಕ್ಕ ಇಟ್ಟ.

“ಸೈಕಲ್‌ಗೆ ಸಮ ಏನಿಡ್ತೀರಿ ಭಾವ? ಇಲ್ಲಾಂದ್ರೆ ಫ್ಯಾನ್ ಬಿಟ್ಟು ಎಲೆ ಕೆಳಗಿಡಿ. ಬೇಕಾದ್ರೆ ಆ ಕುರ್ಚಿ ಆಗಬಹುದು.”

“ಕುರ್ಚಿ ಬೇಡ ರೀ,” ಎಂದಳು ಹೆಂಡತಿ. ಸೂಜಿ ಅವಳ ಕೈಯಲ್ಲೇ ನಿಂತಿತ್ತು.

“ನಮ್ಮಪ್ಪನ ಕುರ್ಚಿ. ನಿಂಗೇನು?” ಎಂದೆ. ಹೌದು, ಹಾಗೇ ಅಂದೆ.

ಲೆಕ್ಕ ಸ್ಪಷ್ಟವಾಗಿತ್ತು. ನಡುವೆ ಎರಡು ವಸ್ತು, ನಾನಿಡಬೇಕಾದ್ದು ಒಂದು. ಮೂರು ಸಲಕ್ಕೆ ಒಂದು ಸಲ, ಅಂದರೆ ಶೇಕಡಾ ಮೂವತ್ತಮೂರು ಗೆದ್ದರೂ ನಷ್ಟವಿಲ್ಲ. ನನ್ನದು ಮೂವತ್ತಾರು. ಮೂರು ಶೇಕಡಾ ಲಾಭ! ಇಂಥ ವ್ಯಾಪಾರ ಬಿಡುವವನು ಮೂರ್ಖ. “ಇಟ್ಟೆ!” ಎಂದೆ.

ನಾಲ್ಕನೆಯ ಎಲೆ ಡೈಮಂಡ್ ಆರು. ಹದಿನೆಂಟಕ್ಕೆ ಇಳಿದೆ. ಐದನೆಯದು ಕಳಾವರ್ ಗುಲಾಮ. ಭಾವಮೈದುನ ಕೈ ಬಿಚ್ಚಿ ತೋರಿಸಿದ: ಎರಡು ಎಂಟು. ನಡುವಿನದೂ ಸೇರಿ ಮೂರು. ನನ್ನ ಕೈಯಲ್ಲಿ ಒಂದು ಜೋಡಿಯೂ ಇಲ್ಲ.

ಅವನು ಕುರ್ಚಿಯನ್ನು ಎತ್ತಿ ತಲೆಯ ಮೇಲೆ ಹೊತ್ತ. ಅದರ ಹಿಂಗಾಲಿಗೆ ಅಂಟಿಕೊಂಡಿದ್ದ ಮಡಚಿದ ಕಂತೆಯೊಂದು ಪಟ್ಟನೆ ನೆಲಕ್ಕೆ ಬಿದ್ದು ಬಿಚ್ಚಿಕೊಂಡಿತು. ಇಸ್ಪೀಟೆಲೆಗಳು. ಎಲ್ಲವೂ ಕೆಂಪು. ಎಲ್ಲವೂ ಆಟಿನ್. ಈ ಸಲ ನಾನು ಒಂದನೇ ಕ್ಲಾಸಿನವನಂತೆ ಬೆರಳಿಟ್ಟು ಎಣಿಸಿದೆ. ಒಂಬತ್ತು!

ಆಗ ನೆನಪಾಯಿತು. ಯಾವುದೋ ಕಾಲದಲ್ಲಿ ಕುರ್ಚಿ ಅಲ್ಲಾಡುತ್ತದೆಂದು, ಜಾತಿವಾರು ಜೋಡಿಸಿಟ್ಟಿದ್ದ ಕಟ್ಟಿನ ಮೇಲಿನಿಂದ ಎಲೆ ತೆಗೆದು ತೆಗೆದು ಕಾಲಿನಡಿ ಇಟ್ಟವನು ನಾನೇ. ಆರಕ್ಕೂ ಅಲ್ಲಾಡಿತು, ಎಂಟಕ್ಕೂ ಅಲ್ಲಾಡಿತು, ಒಂಬತ್ತಕ್ಕೆ ಗಟ್ಟಿಯಾಗಿ ನಿಂತಿತು. ಎಷ್ಟು ಕರಾರುವಾಕ್ಕಾಗಿ ಕೂತಿದೆ ನೋಡು ಎಂದು ಹೆಂಡತಿಗೆ ಜಂಬ ಬೇರೆ ಕೊಚ್ಚಿಕೊಂಡಿದ್ದೆ. ಅಂದರೆ ನಾನು ಯಾವ ಒಂಬತ್ತು ಎಲೆಗೆ ಕಾದು ಕುರ್ಚಿ ಒತ್ತೆಯಿಟ್ಟೆನೋ, ಅವು ಆ ಕುರ್ಚಿಯ ಅಡಿಯಲ್ಲೇ ಇದ್ದವು. ಸೊನ್ನೆಯನ್ನು ನಾಲ್ಕರಿಂದ ಗುಣಿಸಿದರೂ ಸೊನ್ನೆಯೇ.

“ಆಟ ರದ್ದು!” ಎಂದು ಕುಣಿದೆ.

ಭಾವಮೈದುನ ಕುರ್ಚಿ ಹೊತ್ತುಕೊಂಡೇ ಅಕ್ಕನ ಮುಖ ನೋಡಿದ. ಅವಳು ನನ್ನನ್ನು ನೋಡಿದಳು.

“ಕಟ್ಟು ತಂದೋರು ಯಾರು?”

“ನಾನೇ.”

“ಎಣಿಸಿ ಅಂದ್ರೆ ಎಣಿಸ್ದೇ ಇದ್ದೋರು?”

“ಅದೂ ನಾನೇ, ಆದ್ರೆ...”

“ಫ್ಯಾನ್ ಗೆದ್ದಾಗ ಇವನಿಗೆ ಏನಂದ್ರಿ?”

ನಾನು ಬಗ್ಗಿ ನೆಲದ ಮೇಲಿನ ಎಲೆಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡೆ.

“ತಗೊಂಡ್ಹೋಗೋ,” ಎಂದಳು ತಮ್ಮನಿಗೆ. ಅವಳ ದನಿ ಯಾಕೋ ನಡುಗಿತು.

ಯಾಕೆಂದು ತಿಳಿದದ್ದು ಸೋಮವಾರ. ಸಂಜೆ ಆರೂವರೆಗೆ ಬಂದರೆ ಅವಳು ಗೋಡೆಗೆ ಒರಗಿ, ಒಂದು ಕೈ ಸೊಂಟಕ್ಕೆ ಒತ್ತಿಕೊಂಡು ನೆಲದ ಮೇಲೆ ಕೂತಿದ್ದಳು.

“ಇಡೀ ದಿನ ಮಿಷನ್ ತುಳಿದ ಮೇಲೆ ಅದ್ರಲ್ಲಿ ಒಂದು ಗಂಟೆ ಒರಗಿದ್ರೆ ಬೆನ್ನಿಗೆ ಹಾಯಾಗ್ತಿತ್ತು. ನೀವು ಬರೋ ಸದ್ದು ಕೇಳಿ ಏಳ್ತಿದ್ದೆ,” ಎಂದಳು.

ಕುರ್ಚಿಯಿದ್ದ ಜಾಗದಲ್ಲಿ ನೆಲವನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು. ಪಶ್ಚಿಮದ ಬಿಸಿಲು ಅಲ್ಲಿಗೆ ಬರುವುದೇ ಇಲ್ಲ.

ನಾಚಿಕೆ ಬಿಟ್ಟು ಭಾವಮೈದುನನ ಮನೆಗೆ ಓಡಿದೆ. “ಲೆಕ್ಕಕ್ಕೆ ನೆಂಟಸ್ತಿಕೆ ಇಲ್ಲ ಭಾವ,” ಎಂದ ಅವನು ನಗದೆ. “ಅಕ್ಕ ಬೇಕಾದ್ರೆ ದಿನಾ ಬಂದು ಕೂತ್ಕೊಳ್ಳಲಿ.” ಅಂದಿನಿಂದ ಅವಳು ಸಂಜೆ ಹೊಲಿಗೆ ಹಿಡಿದುಕೊಂಡು ಅಲ್ಲಿಗೇ ಹೋಗುತ್ತಾಳೆ. ಫ್ಯಾನೂ ಅಲ್ಲೇ ಇದೆ. ನಾನು ಬಂದು ಬೀಗ ತೆಗೆದು ಚಾಪೆ ಹಾಸಿಕೊಳ್ಳುತ್ತೇನೆ.

ನಾಲ್ಕನೆಯ ದಿನ ಬೆಳಿಗ್ಗೆ ಕೇಳಿದಳು: “ಅಲ್ಲಿ ಕುರ್ಚಿ ಅಲ್ಲಾಡ್ತದೆ. ಆ ಎಲೆಗಳನ್ನ ಎಲ್ಲಿಟ್ರಿ?”

ಸಂಜೆ ಕಚೇರಿಯಿಂದ ನೆಟ್ಟಗೆ ಅಲ್ಲಿಗೇ ಹೋದೆ. ನನ್ನ ಚಪ್ಪಲಿಯ ಸದ್ದು ಕೇಳಿದ್ದೇ ತಡ, ಅಭ್ಯಾಸಬಲದಿಂದ ಅವಳು ಅರ್ಧ ಎದ್ದಳು.

“ಏಳ್ಬೇಡ ಕಣೇ,” ಎಂದೆ. ಮಂಡಿಯೂರಿ ಕೂತು, ಎಲೆಗಳನ್ನು ಮಡಚಿ ಹಿಂಗಾಲಿನಡಿ ತಳ್ಳಿದೆ. ಅವಳು ಹಿಂದಕ್ಕೆ ಒರಗಿ ನೋಡಿದಳು. ಕುರ್ಚಿ ಅಲ್ಲಾಡಲಿಲ್ಲ.

“ಎಣಿಸಿದ್ರಾ?” ಎಂದಳು.

“ಎರಡು ಸಲ,” ಎಂದೆ.